ಕಾರಿನ ಏಸಿಗೆ ಹೊಸ ಗ್ಯಾಸ್: ಬಾನೆಟ್ ಕೆಳಗಿನ ಚೀಟಿಗೂ ಬೆಲೆಯಿದೆ

ಮುಂಬಯಿಯಲ್ಲಿ ಸೆಕೆ ವರ್ಷಕ್ಕೆರಡು ಬಾರಿ ಬರುತ್ತದೆ. ಮಳೆಗೆ ಮುಂಚಿನ ಎಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಬಳಿಕ ಅಕ್ಟೋಬರಿನಲ್ಲಿ ಮತ್ತೊಮ್ಮೆ. ಈ ಎರಡೂ ಅವಧಿಗಳಲ್ಲಿ ನಗರ ಮತ್ತು ಉಪನಗರಗಳ ಕಾರ್ ಏಸಿ ಗ್ಯಾರೇಜುಗಳಲ್ಲಿ ಕೇಳಿಬರುವ ಮಾತು ಒಂದೇ: "ಏಸಿ ತಂಪಾಗುತ್ತಿಲ್ಲ, ಗ್ಯಾಸ್ ತುಂಬಿಸಿಕೊಡಿ." ಯಾವ ಗ್ಯಾಸ್ ಎಂದು ವಿಚಾರಿಸುವವರು ವಿರಳ. ಆದರೆ ಕಾರಿನ ಆಯುಷ್ಯ, ಮೆಕ್ಯಾನಿಕನ ಸುರಕ್ಷೆ ಹಾಗೂ ವಾತಾವರಣದ ಹಿತ ಈ ಮೂರೂ ಆ ಒಂದು ಪ್ರಶ್ನೆಯನ್ನು ಅವಲಂಬಿಸಿವೆ. ಅದಕ್ಕೆ ಉತ್ತರ ಹೇಳಬಲ್ಲದ್ದು ಬಾನೆಟ್ ಕೆಳಗೆ ಅಂಟಿಸಿರುವ ಪುಟ್ಟ ಚೀಟಿ.

ಗ್ಯಾಸ್ ಮಾಡುವ ಕೆಲಸ

ಗ್ಯಾರೇಜಿನ ಮಾತಿನಲ್ಲಿ ‘ಗ್ಯಾಸ್’ ಎನ್ನಲಾಗುವ ವಸ್ತುವಿಗೆ ಶಾಸ್ತ್ರೀಯವಾಗಿ ಶೈತ್ಯಕಾರಕ ಎಂದು ಹೆಸರು. ಕಂಪ್ರೆಸರ್ ಅದನ್ನು ಒತ್ತುತ್ತದೆ. ಕಾರಿನ ಮುಂಭಾಗದ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ. ಬಳಿಕ ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಒತ್ತಡ ಇಳಿದು ಆವಿಯಾಗುವಾಗ ಕಾರಿನೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಈ ಚಕ್ರದಲ್ಲಿ ಗ್ಯಾಸಿನೊಡನೆ ಸ್ವಲ್ಪ ಎಣ್ಣೆಯೂ ಸುತ್ತುತ್ತಿದ್ದು ಕಂಪ್ರೆಸರನ್ನು ಸವೆಯದಂತೆ ಕಾಯುತ್ತದೆ. ಗ್ಯಾಸ್, ಎಣ್ಣೆ ಮತ್ತು ರಬ್ಬರ್ ಭಾಗಗಳು ಪರಸ್ಪರ ಹೊಂದಿಕೊಂಡಿರಬೇಕಾದುದು ಇಲ್ಲಿನ ಮೊದಲ ನಿಯಮ.

ಆರ್-12ರಿಂದ ಆರ್-134ಎಗೆ

ಹಿಂದಿನ ಕಾರುಗಳಲ್ಲಿ ಇದ್ದುದು ಆರ್-12. ಅದು ಸಿಎಫ್‌ಸಿ ಎಂಬ ಕ್ಲೋರಿನ್‌ಯುಕ್ತ ರಾಸಾಯನಿಕಗಳ ಗುಂಪಿಗೆ ಸೇರಿದ್ದು. ಈ ಗುಂಪು ಓಝೋನ್ ಪದರವನ್ನು ಸವೆಸಬಲ್ಲದೆಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಎಚ್ಚರಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಭಾರತವು 1992ರಲ್ಲಿ ಅದನ್ನು ಸೇರಿಕೊಂಡಿತು. ಓಝೋನ್ ನಾಶಕ ವಸ್ತುಗಳ ನಿಯಂತ್ರಣ ನಿಯಮಗಳು 2000ದಲ್ಲಿ ಜಾರಿಗೆ ಬಂದವು. ಅವುಗಳ ಮೇರೆಗೆ 2003ರ ಜನವರಿ 1ರಿಂದ ಹೊಸ ವಾಹನ ಏಸಿಗಳಲ್ಲಿ ಸಿಎಫ್‌ಸಿ ಬಳಕೆ ನಿಂತಿತು. 2008ರ ಆಗಸ್ಟ್ 1ರಂದು ಭಾರತದಲ್ಲಿ ಅದರ ಉತ್ಪಾದನೆಯೂ, ಔಷಧದ ಇನ್‌ಹೇಲರುಗಳ ಅಗತ್ಯವನ್ನು ಬಿಟ್ಟು, ಕೊನೆಗೊಂಡಿತು.

ಆರ್-12ರ ಜಾಗಕ್ಕೆ ಬಂದುದು ಓಝೋನಿಗೆ ಹಾನಿ ಮಾಡದ ಆರ್-134ಎ. ಹಳೆಯ ಕಾರಿಗೆ ಈ ಹೊಸ ಗ್ಯಾಸನ್ನು ತುಂಬುವುದೆಂದರೆ ಸಿಲಿಂಡರ್ ಬದಲಿಸಿದಷ್ಟು ಸುಲಭವಲ್ಲ. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂದಕ್ಕೆ ಎಳೆದುಕೊಳ್ಳಬೇಕು. ಆರ್-12ರೊಡನೆ ಸುತ್ತುತ್ತಿದ್ದ ಮಿನರಲ್ ಎಣ್ಣೆ ಆರ್-134ಎಯಲ್ಲಿ ಕರಗದ ಕಾರಣ ಪಿಎಜಿ ಅಥವಾ ಎಸ್ಟರ್ ಎಣ್ಣೆ ಹಾಕಬೇಕು. ಡ್ರೈಯರ್ ಬದಲಿಸಬೇಕು, ಅಗತ್ಯವಿದ್ದಲ್ಲಿ ಓರಿಂಗು ಮತ್ತು ಹೋಸುಗಳನ್ನೂ ಬದಲಿಸಬೇಕು. ವ್ಯಾಕ್ಯೂಮ್ ಮಾಡಿದ ಬಳಿಕ, ಹಳೆಯ ತೂಕದ ಸುಮಾರು ಶೇ. 80ರಿಂದ 90ರಷ್ಟು ಮಾತ್ರ ಹೊಸ ಗ್ಯಾಸ್ ತುಂಬಬೇಕು.

ಚೀಟಿಯ ನಿಯಮ ಹುಟ್ಟಿದ್ದೇಕೆ?

ಇಷ್ಟೆಲ್ಲ ಬದಲಾದರೂ ಹೊರಗಿನಿಂದ ನೋಡುವವರಿಗೆ ಏನೂ ಕಾಣದು. ಎರಡು ಗ್ಯಾಸುಗಳಿಗೂ ಬಣ್ಣವಿಲ್ಲ. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡರ ಒತ್ತಡವೂ ಹೆಚ್ಚುಕಡಿಮೆ ಸಮವಾಗಿರುವುದರಿಂದ ಗೇಜಿನ ಮುಳ್ಳೂ ವ್ಯತ್ಯಾಸವನ್ನು ಹೇಳದು. ಮುಂದಿನ ಮೆಕ್ಯಾನಿಕನಿಗೆ ಉಳಿಯುವುದು ಬರವಣಿಗೆಯ ಸಾಕ್ಷಿಯೊಂದೇ.

ಇದನ್ನು ಮನಗಂಡ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1996ರಲ್ಲಿ ಸ್ಪಷ್ಟ ನಿಯಮಗಳನ್ನು ರೂಪಿಸಿತು. ಗ್ಯಾಸ್ ಬದಲಿಸಿದ ಕಾರಿಗೆ ಬಾಳಿಕೆ ಬರುವ, ಸುಲಭವಾಗಿ ಓದಬಹುದಾದ ಚೀಟಿ ಅಂಟಿಸುವುದು ಅಲ್ಲಿ ಕಡ್ಡಾಯ. ಕೆಲಸ ಮಾಡಿದ ಮೆಕ್ಯಾನಿಕ್ ಹಾಗೂ ಸಂಸ್ಥೆಯ ಹೆಸರು-ವಿಳಾಸ, ಬದಲಿಸಿದ ದಿನಾಂಕ, ಗ್ಯಾಸಿನ ವ್ಯಾಪಾರನಾಮ ಮತ್ತು ತುಂಬಿದ ಪ್ರಮಾಣ, ಎಣ್ಣೆಯ ಬಗೆ, ತಯಾರಕರು ಮತ್ತು ಪ್ರಮಾಣ, ಇವಿಷ್ಟೂ ಅದರಲ್ಲಿರಬೇಕು. ಗ್ಯಾಸ್ ಓಝೋನಿಗೆ ಹಾನಿಕರವಾಗಿದ್ದರೆ ಅಥವಾ ಬೆಂಕಿ ಹತ್ತುವಂಥದಾಗಿದ್ದರೆ ಅದನ್ನೂ ಬರೆಯಬೇಕು. ಪ್ರತಿ ಗ್ಯಾಸಿಗೂ ಚೀಟಿಯ ಹಿನ್ನೆಲೆ ಬಣ್ಣ ಬೇರೆ: ಆರ್-12ಕ್ಕೆ ಬಿಳಿ, ಆರ್-134ಎಗೆ ಆಕಾಶನೀಲಿ. ಹಳೆಯ ಗ್ಯಾಸಿನ ಮಾಹಿತಿಯಿದ್ದ ಚೀಟಿಯನ್ನು ಓದಲಾಗದಂತೆ ಮುಚ್ಚಬೇಕು. ಗ್ಯಾಸ್ ತುಂಬುವ ಬಾಯಿಗೂ ಆಯಾ ಗ್ಯಾಸಿಗೇ ಮೀಸಲಾದ ಫಿಟ್ಟಿಂಗ್ ಕೂರಿಸಬೇಕು. ಹಾಗಾಗಿ ಒಂದು ಗ್ಯಾಸಿನ ಪೈಪು ಇನ್ನೊಂದಕ್ಕೆ ಹಿಡಿಯದು. ಚೀಟಿ ಕಣ್ಣಿಗೆ ಎಚ್ಚರಿಕೆಯಾದರೆ ಫಿಟ್ಟಿಂಗ್ ಕೈಗೆ ಎಚ್ಚರಿಕೆ.

ನಮ್ಮಲ್ಲಿನ ರೂಢಿ

ಇಂತಹ ವ್ಯವಸ್ಥೆಯ ಅರ್ಥ ಮುಂಬಯಿಗರಿಗೆ ಹೊಸತಲ್ಲ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಿದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ಪುಸ್ತಕದಲ್ಲಿ ನಮೂದಾಗಬೇಕು; ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆ ನಡೆಯಬೇಕು. ನಗರದ ಟ್ಯಾಕ್ಸಿ, ರಿಕ್ಷಾಗಳು ಸಿಎನ್‌ಜಿಗೆ ಬದಲಾದಾಗ ಈ ದಾಖಲೆಯ ಶಿಸ್ತೂ ಜೊತೆಗೇ ಬಂತು. ಆದರೆ ಏಸಿಯ ಗ್ಯಾಸಿಗಾಗಿ ಆರ್‌ಸಿ ಪುಸ್ತಕದಲ್ಲಿ ಅಂಕಣವಿಲ್ಲ. ತಯಾರಕರು ಅಂಟಿಸಿದ ಚೀಟಿ ಮಸಿ, ಧೂಳು, ಕಡಲ ತೇವಗಳಿಗೆ ಸಿಕ್ಕಿ ಮಾಸಿಹೋದರೆ, ಅಥವಾ ಒಳಗಿನ ಗ್ಯಾಸ್ ಬದಲಾಗಿಯೂ ಹಳೆಯ ಚೀಟಿಯೇ ಉಳಿದರೆ, ಕಾರಿನ ಏಸಿಯ ಚರಿತ್ರೆ ಒಬ್ಬ ಮೆಕ್ಯಾನಿಕನ ನೆನಪಿನಲ್ಲಷ್ಟೇ ಇರುತ್ತದೆ.

ನಮ್ಮವರ ಕಾರುಗಳು ಒಂದೇ ಗ್ಯಾರೇಜಿಗೆ ಹೋಗುವಂಥವಲ್ಲ. ರಜೆಯಲ್ಲಿ ಊರಿಗೆ ಹೊರಟ ಕಾರಿನ ಏಸಿ ಕೊಲ್ಲಾಪುರದಲ್ಲೋ ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಕೈಕೊಡಬಹುದು. ಅಲ್ಲಿನ ಮೆಕ್ಯಾನಿಕ್ ಚೀಟಿಯಲ್ಲಿ ಕಂಡದ್ದನ್ನೇ ನಂಬುತ್ತಾನೆ. ಹಳೆಯ ಕಾರನ್ನು ಕೊಂಡವರ ಸ್ಥಿತಿಯೂ ಇದೇ.

ಚೀಟಿ ಇಲ್ಲದಿದ್ದರೆ

ಮೊದಲ ನಷ್ಟ ಕಂಪ್ರೆಸರಿನದು. ಆರ್-12 ಮತ್ತು ಆರ್-134ಎ ಬೆರೆತರೆ ಒತ್ತಡ ಏರುತ್ತದೆ. ಎಣ್ಣೆ ಹೊಂದದಿದ್ದರೆ ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ. ಎರಡನೆಯ ನಷ್ಟ ಗ್ಯಾರೇಜಿನದು. ಕಲಬೆರಕೆ ಗ್ಯಾಸನ್ನು ಯಂತ್ರ ಎಳೆದುಕೊಂಡರೆ ಸಿಲಿಂಡರಿನಲ್ಲಿದ್ದ ಶುದ್ಧ ಗ್ಯಾಸೂ ಕೆಡುತ್ತದೆ, ಅದು ಮುಂದೆ ಬರುವ ಎಲ್ಲ ಕಾರುಗಳಿಗೂ ಹಂಚಿಹೋಗುತ್ತದೆ.

ಮೂರನೆಯದು ಜೀವಕ್ಕೇ ಸಂಬಂಧಿಸಿದ್ದು. ಅಗ್ಗವೆಂದು ಪ್ರೊಪೇನ್-ಬ್ಯೂಟೇನ್ ಮಿಶ್ರಣ, ಎಂದರೆ ಅಡುಗೆ ಅನಿಲದ ಜಾತಿಯದನ್ನು, ತುಂಬಿದ ಕಾರಿನಲ್ಲಿ ತಂಪೇನೋ ಚೆನ್ನಾಗಿಯೇ ಇರುತ್ತದೆ. ಆದರೆ ಸೋರಿದಾಗ ಒಂದು ಕಿಡಿ ಸಾಕು. ಆರ್-134ಎಗೆಂದು ಮಾಡಿದ ಕಾರನ್ನು ತೆರೆಯುವ ಮೆಕ್ಯಾನಿಕನಿಗೆ ಒಳಗಿರುವುದು ಇಂತಹ ಗ್ಯಾಸೆಂದು ತಿಳಿಯುವ ದಾರಿಯೇ ಇರದು. 2011ರಲ್ಲಿ ಆರ್-134ಎ ಹೆಸರಿನ ನಕಲಿ ಗ್ಯಾಸ್ ತುಂಬಿದ ಹಡಗಿನ ಶೀತಲ ಕಂಟೇನರುಗಳು ಸ್ಫೋಟಿಸಿ ಕೆಲಸಗಾರರು ಪ್ರಾಣ ಕಳೆದುಕೊಂಡರು. ಅದರಲ್ಲಿ ಬೆರೆತಿದ್ದ ಮೀಥೈಲ್ ಕ್ಲೋರೈಡ್ ಅಲ್ಯೂಮಿನಿಯಮ್ಮಿನೊಡನೆ ಸೇರಿ, ಗಾಳಿ ಸೋಕಿದೊಡನೆ ಹೊತ್ತಿಕೊಳ್ಳುವ ವಸ್ತುವನ್ನು ಉಂಟುಮಾಡಿತ್ತು. ಹೆಸರು ಒಂದು, ಒಳಗಿರುವುದು ಇನ್ನೊಂದು ಎಂದಾದರೆ ಪರಿಣಾಮ ಏನೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಮತ್ತೊಂದು ಬದಲಾವಣೆಯ ಹೊಸ್ತಿಲಲ್ಲಿ

ಆರ್-12 ಕಾರುಗಳು ಇಂದು ಬೆರಳೆಣಿಕೆಯಷ್ಟು ಎಂದು ಈ ವಿಷಯವನ್ನು ಬದಿಗಿಡಲಾಗದು. ಆರ್-134ಎ ಓಝೋನಿಗೆ ನಿರಪಾಯಕಾರಿಯಾದರೂ ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಪ್ರಬಲ. ಯೂರೋಪ್ ಒಕ್ಕೂಟವು 2017ರಿಂದ ಹೊಸ ಕಾರುಗಳಲ್ಲಿ ಅದನ್ನು ನಿಲ್ಲಿಸಿತು. ಅಲ್ಲಿ ಅದರ ಸ್ಥಾನಕ್ಕೆ ಮುಖ್ಯವಾಗಿ ಬಂದ ಆರ್-1234ವೈಎಫ್ ತುಸು ಬೆಂಕಿ ಹತ್ತುವ ಗುಣವುಳ್ಳದ್ದು, ದುಬಾರಿಯೂ ಹೌದು. ಆರ್-134ಎಯಂತಹ ಗ್ಯಾಸುಗಳನ್ನು ಹಂತಹಂತವಾಗಿ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅಂಗೀಕರಿಸಿತು. ಅದರಂತೆ ನಮ್ಮ ಬಳಕೆಗೆ ಮಿತಿ ಬೀಳುವುದು 2028ರಲ್ಲಿ, ಶೇ. 10ರ ಮೊದಲ ಕಡಿತ 2032ರಲ್ಲಿ. 2047ರ ವೇಳೆಗೆ ಕಡಿತ ಶೇ. 85.

ಹೀಗಾಗಿ ಮುಂದಿನ ವರ್ಷಗಳಲ್ಲಿ ನಮ್ಮ ಗ್ಯಾರೇಜುಗಳಿಗೆ ಎರಡು ಬಗೆಯ ಕಾರುಗಳೂ ಬರಲಿವೆ. ದುಬಾರಿ ಗ್ಯಾಸಿನ ಕಾರಿಗೆ ಅಗ್ಗದ ಗ್ಯಾಸ್ ತುಂಬುವ ಆಸೆಯೂ ಹುಟ್ಟೀತು. ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ನೀಡುವ ಗುರಿಯನ್ನು ಭಾರತದ ಶೈತ್ಯ ಕಾರ್ಯಯೋಜನೆ 2019ರಲ್ಲಿ ಹಾಕಿಕೊಂಡಿತ್ತು. ತರಬೇತಿ ಪಡೆದ ತಂತ್ರಜ್ಞನಿಗೂ ಒಳಗೇನಿದೆಯೆಂದು ಮೊದಲು ತಿಳಿಯಬೇಕಷ್ಟೆ.

ಓದುಗರು ಮಾಡಬಹುದಾದುದು

ಕಾಯಿದೆಗಾಗಿ ಕಾಯದೆ ಕಾರಿನ ಒಡೆಯರೇ ಕೆಲವು ಸಂಗತಿಗಳನ್ನು ರೂಢಿಸಿಕೊಳ್ಳಬಹುದು. ಗ್ಯಾಸ್ ತುಂಬಿಸುವ ಮುನ್ನ ಬಾನೆಟ್ ಕೆಳಗಿನ ಚೀಟಿಯನ್ನು ಸ್ವತಃ ಓದಿ, ಮೆಕ್ಯಾನಿಕನಿಗೂ ತೋರಿಸಿ. ತುಂಬುವ ಸಿಲಿಂಡರಿನ ಮೇಲಿನ ಹೆಸರು ಅದಕ್ಕೆ ಹೊಂದುವುದೇ ಎಂದು ನೋಡಿ. ಪದೇ ಪದೇ ತುಂಬಿಸುವ ಬದಲು ಸೋರಿಕೆಯನ್ನು ಮೊದಲು ಪತ್ತೆಹಚ್ಚಿಸಿ. ಗ್ಯಾಸಿನ ಬಗೆ, ಗ್ರಾಂಗಳಲ್ಲಿ ತೂಕ, ಎಣ್ಣೆಯ ಹೆಸರು ಮತ್ತು ದಿನಾಂಕವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಗ್ಯಾಸಿನ ಬಗೆಯೇ ಬದಲಾಗಿದ್ದರೆ ಹಳೆಯ ಚೀಟಿಯನ್ನು ಮುಚ್ಚಿ, ಒದ್ದೆಯಾದರೂ ಅಳಿಯದ ಹೊಸದನ್ನು ಅಂಟಿಸಲು ಹೇಳಿ. ಕಾರು ಮಾರುವಾಗ ಆ ಬಿಲ್ಲನ್ನೂ ಕೊಂಡವರ ಕೈಗೆ ಕೊಡಿ.

ಇದಕ್ಕೆ ತಗಲುವ ಖರ್ಚು ಹೇಳಿಕೊಳ್ಳುವಷ್ಟಿಲ್ಲ, ಸಮಯ ಐದು ನಿಮಿಷ. ಆದರೆ ನಾಳೆ ಎಲ್ಲೋ ಹೆದ್ದಾರಿಯ ಬದಿಯಲ್ಲಿ ಅದೇ ಬಾನೆಟ್ ಎತ್ತುವ ಅಪರಿಚಿತ ಮೆಕ್ಯಾನಿಕನ ಕೈ, ಕಣ್ಣುಗಳನ್ನು ಕಾಯುವುದು ಆ ಚೀಟಿಯ ನಾಲ್ಕು ಸಾಲುಗಳೇ.