ಗ್ರಾಹಕ ಕಟ್ಟಿದ ಹಣ ನಿಮ್ಮ ಖಾತೆಗೆ ಯಾವಾಗ?

ಇಳಕಲ್ ಸೀರೆಯೋ ಬ್ಯಾಡಗಿ ಮೆಣಸಿನಕಾಯಿ ಪುಡಿಯೋ, ಆನ್‌ಲೈನಿನಲ್ಲಿ ಮಾರಲು ಹೊರಟವರು ಪೇಮೆಂಟ್ ಕಂಪನಿಯವರನ್ನು ಮೊದಲು ಕೇಳುವುದು ‘ಎಷ್ಟು ಪರ್ಸೆಂಟ್?’ ಎಂದು. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಗ್ರಾಹಕ ಕಟ್ಟಿದ ದುಡ್ಡು ನಿಮ್ಮ ಖಾತೆ ಸೇರುವವರೆಗೆ ಯಾರ ಹತ್ತಿರ, ಎಷ್ಟು ದಿನ ಇರುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಏಕೆಂದರೆ ಗ್ರಾಹಕ ಫೋನಿನಲ್ಲಿ ‘ಪೇ’ ಒತ್ತಿದ ಹಣ ಸಾಮಾನ್ಯವಾಗಿ ನೇರ ನಿಮಗೆ ಬರುವುದಿಲ್ಲ. ನಡುವೆ ಪೇಮೆಂಟ್ ಅಗ್ರಿಗೇಟರ್ ಎಂಬ ಸಂಸ್ಥೆ ಇರುತ್ತದೆ. ಯುಪಿಐ, ಕಾರ್ಡ್, ನೆಟ್‌ಬ್ಯಾಂಕಿಂಗ್ ಹೀಗೆ ನಾನಾ ದಾರಿಯಲ್ಲಿ ಬಂದ ಹಣವನ್ನು ಅದು ಒಟ್ಟುಗೂಡಿಸಿ, ತನ್ನ ಶುಲ್ಕ ಮುರಿದುಕೊಂಡು ಉಳಿದದ್ದನ್ನು ನಿಮ್ಮ ಖಾತೆಗೆ ಹಾಕುತ್ತದೆ. ಇದೇ ಸೆಟ್ಲ್‌ಮೆಂಟ್. ಪರರ ದುಡ್ಡನ್ನು ಕೈಯಲ್ಲಿಟ್ಟುಕೊಳ್ಳುವ ಈ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ನಿಯಮ ತಂದಿತು. ಬ್ಯಾಂಕ್ ಅಲ್ಲದ ಅಗ್ರಿಗೇಟರ್‌ಗಳು ರಿಸರ್ವ್ ಬ್ಯಾಂಕಿನ ಅನುಮತಿ ಪಡೆಯಲೇಬೇಕು. ಅರ್ಜಿ ಹಾಕುವಾಗ ಕನಿಷ್ಠ 15 ಕೋಟಿ ರೂಪಾಯಿ ನಿವ್ವಳ ಆಸ್ತಿ ತೋರಿಸಿ, ಮುಂದೆ ಅದನ್ನು 25 ಕೋಟಿಗೆ ಏರಿಸಬೇಕು. ವ್ಯಾಪಾರಿಗಳ ಹಣವನ್ನು ತಮ್ಮ ಹಣದೊಂದಿಗೆ ಬೆರೆಸದೆ, ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಪ್ರತ್ಯೇಕವಾಗಿ ಇಡಬೇಕು. ಅನುಮತಿ ಪಡೆದವರ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲೇ ಇದೆ. ಆ ಪಟ್ಟಿಯಲ್ಲಿ ಹೆಸರಿಲ್ಲದ ಕಂಪನಿ ಎಷ್ಟು ಕಡಿಮೆ ದರ ಹೇಳಿದರೂ ಮಾತು ಅಲ್ಲಿಗೇ ಮುಗಿಸಿ.

ಈ ಅನುಮತಿ ಬರೀ ಕಾಗದದ ಮಾತಲ್ಲ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ರೇಜರ್‌ಪೇ, ಕ್ಯಾಶ್‌ಫ್ರೀಯಂಥ ದೊಡ್ಡ ಕಂಪನಿಗಳೂ ಹೊಸ ವ್ಯಾಪಾರಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಅಂತಿಮ ಅನುಮತಿ ಸಿಕ್ಕಿದ್ದು ಒಂದು ವರ್ಷದ ನಂತರ. ಆಗಲೇ ಸೇರಿದ್ದವರ ವ್ಯವಹಾರ ನಡೆದೇ ಇತ್ತು. ಹೊಸದಾಗಿ ಅಂಗಡಿ ತೆರೆಯಲಿದ್ದವರು ಮಾತ್ರ ಬೇರೆ ಬಾಗಿಲು ಹುಡುಕಬೇಕಾಯಿತು.

ಇನ್ನು ದರ. ಕಾರ್ಡ್, ನೆಟ್‌ಬ್ಯಾಂಕಿಂಗ್‌ಗೆ ಶೇ 2ರ ಆಸುಪಾಸು ಕೇಳುವುದು ರೂಢಿ. ಎರಡು ಸಾವಿರ ರೂಪಾಯಿವರೆಗಿನ ಕಾರ್ಡ್ ಪಾವತಿ ಬಿಟ್ಟರೆ ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ನೆಟ್‌ಬ್ಯಾಂಕಿಂಗ್‌ನಲ್ಲಿ ಕಟ್ಟಿದ 500 ರೂಪಾಯಿಯ ಆರ್ಡರ್‌ಗೆ ಶುಲ್ಕ 10 ರೂಪಾಯಿ, ತೆರಿಗೆ 1.80, ಒಟ್ಟು 11.80. ಕೆಲವರು ಪರ್ಸೆಂಟ್ ಜೊತೆಗೆ ಪ್ರತಿ ವಹಿವಾಟಿಗೆ ಮೂರು ರೂಪಾಯಿಯಂತೆ ನಿಗದಿತ ಮೊತ್ತವನ್ನೂ ಸೇರಿಸುತ್ತಾರೆ. ಐದು ಸಾವಿರದ ಸೀರೆ ಮಾರುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. 150 ರೂಪಾಯಿಯ ಚಟ್ನಿಪುಡಿ ಮಾರುವವರಿಗೆ ಮಾತ್ರ ಹೊಡೆತ: ಶೇ 2 ಎಂದರೆ 3, ಮೇಲೆ 3, ನೆಟ್‌ಬ್ಯಾಂಕಿಂಗ್ ಆದರೆ ತೆರಿಗೆ ಸೇರಿ 7.08. ಅಂದರೆ ಶೇ 2 ಎಂದು ನಂಬಿದ್ದು ನಿಜದಲ್ಲಿ ಶೇ 4.7. ನಿಮ್ಮ ಸರಾಸರಿ ಆರ್ಡರ್ ಎಷ್ಟು ರೂಪಾಯಿಯದು ಎಂದು ತಿಳಿಯದೆ ಇಬ್ಬರ ದರ ಹೋಲಿಸಿ ಪ್ರಯೋಜನವಿಲ್ಲ.

ಯುಪಿಐ ಬೇರೆಯೇ ಕಥೆ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ವ್ಯಾಪಾರಿಯಿಂದ ಎಂಡಿಆರ್ (ಪಾವತಿ ಸ್ವೀಕರಿಸಲು ವ್ಯಾಪಾರಿ ಕೊಡುವ ಶುಲ್ಕ) ವಸೂಲಿ ಮಾಡುವಂತಿಲ್ಲ. ಆದರೂ ಕೆಲವು ಕಂಪನಿಗಳು ‘ಪ್ಲಾಟ್‌ಫಾರ್ಮ್ ಶುಲ್ಕ’ ಎಂದು ಯುಪಿಐಗೂ ಅದೇ ಪರ್ಸೆಂಟ್ ಹಾಕುತ್ತವೆ. ನಿಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಯುಪಿಐನಲ್ಲೇ ಕಟ್ಟುವವರಾದರೆ ಇಡೀ ಒಪ್ಪಂದದಲ್ಲಿ ಚೌಕಾಸಿ ಮಾಡಬೇಕಾದ ಜಾಗ ಇದೊಂದೇ. ‘ಬ್ಯಾಂಕ್ ಖಾತೆಯಿಂದ ಬಂದ ಯುಪಿಐಗೆ ಎಷ್ಟು, ರುಪೇ ಕ್ರೆಡಿಟ್ ಕಾರ್ಡಿನಿಂದ ಬಂದ ಯುಪಿಐಗೆ ಎಷ್ಟು?’ ಎಂದು ಬಿಡಿಸಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗರಿಗೆ ಮಾರುವ ಯೋಚನೆಯಿದ್ದರೆ ವಿದೇಶಿ ಕಾರ್ಡಿನ ದರವನ್ನು ಬೇರೆಯಾಗಿ ವಿಚಾರಿಸಬೇಕು. ಅದು ದುಬಾರಿ, ಅದಕ್ಕೆ ಪ್ರತ್ಯೇಕ ಒಪ್ಪಿಗೆಯೂ ಬೇಕಾಗಬಹುದು.

ಮತ್ತೆ ಸೆಟ್ಲ್‌ಮೆಂಟ್ ವಿಷಯಕ್ಕೆ ಬರೋಣ. ‘ಟಿ ಪ್ಲಸ್ 2’ ಎಂದರೆ ಪಾವತಿಯಾದ ಮೇಲೆ ಎರಡು ಕೆಲಸದ ದಿನ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲದಿದ್ದರೆ ಶುಕ್ರವಾರದ ಹಣ ಕೈಗೆ ಬರುವುದು ಮಂಗಳವಾರ. ದಸರಾ, ದೀಪಾವಳಿಯ ಹೊತ್ತಿಗೆ ನೇಕಾರರಿಗೆ ರೊಕ್ಕ ಕೊಟ್ಟು ಹೊಸ ಮಾಲು ತರಬೇಕಾದವರಿಗೆ ಈ ನಾಲ್ಕು ದಿನ ಬಹಳ ದೊಡ್ಡದು. ಅದೇ ದಿನ ಹಣ ಬೇಕೆಂದರೆ ಹೆಚ್ಚುವರಿ ಶುಲ್ಕ ಕೇಳುವವರಿದ್ದಾರೆ.

ಇದಕ್ಕಿಂತ ಕಷ್ಟದ್ದು ಹಣ ತಡೆಹಿಡಿಯುವುದು. ಇದ್ದಕ್ಕಿದ್ದಂತೆ ಮಾರಾಟ ಹತ್ತು ಪಟ್ಟು ಏರಿದರೆ, ಅಥವಾ ಗ್ರಾಹಕರು ‘ಮಾಲು ಬರಲಿಲ್ಲ’ ಎಂದು ತಮ್ಮ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಕೇಳಿದರೆ, ಕಂಪನಿ ನಿಮ್ಮ ಸೆಟ್ಲ್‌ಮೆಂಟ್ ನಿಲ್ಲಿಸಿ ದಾಖಲೆ ಕೇಳಬಹುದು. ಈ ದೂರಿಗೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಉತ್ತರಿಸಲು ನಿಮಗೆ ಸಿಗುವುದು ಕೆಲವೇ ದಿನ. ಕೊರಿಯರ್ ರಸೀದಿ, ಡೆಲಿವರಿಯ ಪುರಾವೆ, ಗ್ರಾಹಕರ ಜೊತೆ ಆಡಿದ ವಾಟ್ಸ್‌ಆ್ಯಪ್ ಮಾತು, ಇವನ್ನು ತೆಗೆದಿಟ್ಟವರಿಗೇ ಹಣ ಉಳಿಯುತ್ತದೆ. ದೊಡ್ಡ ರಿಯಾಯಿತಿ ಮಾರಾಟ ಇಟ್ಟುಕೊಂಡಿದ್ದರೆ ಕಂಪನಿಗೆ ಮುಂಚೆಯೇ ತಿಳಿಸಿ. ರೀಫಂಡ್ ಮಾಡಿದಾಗ ಶುಲ್ಕ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ ಎಂಬುದೂ ಗಮನದಲ್ಲಿರಲಿ. ಸೀರೆ ವಾಪಸಾದರೂ ಆ ದುಡ್ಡು ಹೋದದ್ದೇ.

ವೆಬ್‌ಸೈಟ್ ಇಲ್ಲದವರೂ ಚಿಂತಿಸಬೇಕಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಮಾರುವವರಿಗೆ ಪೇಮೆಂಟ್ ಲಿಂಕ್ ಸಾಕು. ಗ್ರಾಹಕ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಮಾತ್ರ ಪಾರ್ಸೆಲ್ ಕಳಿಸಲೇಬೇಡಿ, ಡ್ಯಾಶ್‌ಬೋರ್ಡಿನಲ್ಲಿ ಹಣ ಬಂದದ್ದು ಕಾಣಬೇಕು. ಗ್ರಾಹಕನ ಖಾತೆಯಿಂದ ಯುಪಿಐ ಹಣ ಕಡಿತವಾಗಿ ನಿಮಗೆ ಖಚಿತವಾಗದಿದ್ದರೆ, ಪಾವತಿಯ ದಿನದಿಂದ ಐದು ದಿನದೊಳಗೆ ಅದು ಅವರಿಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ. ಕಂಗಾಲಾಗಿ ಫೋನ್ ಮಾಡಿದ ಗ್ರಾಹಕರಿಗೆ ಇದನ್ನು ಧೈರ್ಯವಾಗಿ ಹೇಳಬಹುದು.

ಕೊನೆಗೆ ಎರಡು ಕಂಪನಿ ಉಳಿದವೆನ್ನಿ. ಎರಡರಲ್ಲೂ ನೀವೇ ಒಂದು ಸಣ್ಣ ಆರ್ಡರ್ ಮಾಡಿ, ಹಣ ಖಾತೆಗೆ ಬಂದ ದಿನ ಬರೆದುಕೊಳ್ಳಿ, ಅದನ್ನೇ ರೀಫಂಡ್ ಮಾಡಿ ನೋಡಿ. ಶನಿವಾರ ಸಂಜೆ ಸಹಾಯವಾಣಿಗೆ ಕರೆ ಮಾಡಿ. ಮನುಷ್ಯರೊಬ್ಬರು ಫೋನ್ ಎತ್ತಿ ಉತ್ತರ ಕೊಡುವ ಕಂಪನಿಗೆ ಕಾಲು ಪರ್ಸೆಂಟ್ ಹೆಚ್ಚಾದರೂ ಕೊಡಿ.