ರೇಡಾರಿಗೆ ಕಾಣದ ವಿಮಾನ: ಎಷ್ಟು ನಿಜ?

ದೋಹಾದಿಂದ ಮಾತಾಡ್ತಿದ್ದೇವೆ. 2025ರ ಸೆಪ್ಟೆಂಬರ್ 9ರ ಮಧ್ಯಾಹ್ನ ಈ ಊರಲ್ಲಿ ಇದ್ದವರು ಆ ಸದ್ದನ್ನು ಇನ್ನೂ ಮರೆತಿಲ್ಲ. ಹಮಾಸ್ ನಾಯಕರನ್ನು ಗುರಿಯಾಗಿಸಿ ಇಸ್ರೇಲ್ ಇಲ್ಲಿನ ವಸತಿ ಪ್ರದೇಶವೊಂದರ ಮೇಲೆ ದಾಳಿ ಮಾಡಿತು. ಸತ್ತವರಲ್ಲಿ ಕತಾರಿನ ಭದ್ರತಾ ಸಿಬ್ಬಂದಿಯೊಬ್ಬರೂ ಇದ್ದರು. ಬಳಸಿದ ಆಯುಧಗಳನ್ನು ರೇಡಾರ್ ಗುರುತಿಸಲಿಲ್ಲ ಎಂದು ಕತಾರಿನ ಪ್ರಧಾನಿ ಹೇಳಿದರು. ಊರಿಂದ ದೊಡ್ಡಪ್ಪನ ಫೋನು ಬಂತು: “ಅದೇನೋ ಸ್ಟೆಲ್ತ್ ವಿಮಾನವಂತೆ, ರೇಡಾರಿಗೆ ಕಾಣೋದೇ ಇಲ್ವಂತೆ, ಹೌದೇನೋ?”

ನಾವು ಜೀವವಿಜ್ಞಾನದವರು, ಹಾಗಾಗಿ ಪತಂಗದಿಂದ ಶುರು ಮಾಡ್ತೇವೆ. ಪತಂಗ ಹಿಡಿದರೆ ಬೆರಳಿಗೆ ಹುಡಿ ಅಂಟುತ್ತಲ್ಲ, ಅವು ರೆಕ್ಕೆಯ ಹುರುಪೆಗಳು. ಬಾವಲಿ ಕಳಿಸುವ ಶ್ರವಣಾತೀತ ಸದ್ದನ್ನು ಅವು ಹೀರಿಕೊಳ್ಳುತ್ತವೆ. ಬೇರೆ ಬೇರೆ ಅಳತೆಯ ಹುರುಪೆಗಳು ಬೇರೆ ಬೇರೆ ಕಂಪನಾಂಕಕ್ಕೆ ಸ್ಪಂದಿಸುತ್ತವೆ ಅನ್ನೋದನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದರು. ಇದರಿಂದ ಪತಂಗ ಮಾಯವಾಗಲ್ಲ. ಬಾವಲಿಗೆ ಅದು ಸ್ವಲ್ಪ ಹತ್ತಿರ ಬಂದಮೇಲೆ ಗೊತ್ತಾಗುತ್ತೆ, ಅಷ್ಟೇ.

ಸ್ಟೆಲ್ತ್ ಅಂದ್ರೂ ಅಷ್ಟೇ. ರೇಡಾರಿನ ಅಲೆ ಹೋಗುವಾಗಲೂ ಚದುರುತ್ತೆ, ಪ್ರತಿಧ್ವನಿಯಾಗಿ ಬರುವಾಗಲೂ ಚದುರುತ್ತೆ. ದೂರ ಎರಡು ಪಟ್ಟಾದರೆ ಪ್ರತಿಧ್ವನಿ ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತೆ. ಈ ಲೆಕ್ಕವನ್ನೇ ತಿರುಗಿಸಿ ನೋಡಿ: ವಿಮಾನದ ಪ್ರತಿಫಲನವನ್ನು 10,000 ಪಟ್ಟು ತಗ್ಗಿಸಿದರೂ ರೇಡಾರಿನ ನೋಟ ಕುಗ್ಗುವುದು ಬರೀ 10 ಪಟ್ಟು. 200 ಕಿಲೋಮೀಟರಿನಲ್ಲಿ ಕಾಣಬೇಕಾದ್ದು 20ರಲ್ಲಿ ಕಾಣುತ್ತೆ. ಕಾವಲಿನವರಿಗೆ ಇದೇನು ಸಣ್ಣ ನಷ್ಟವಲ್ಲ. ನಿಮಿಷಕ್ಕೆ 15 ಕಿಲೋಮೀಟರ್ ಹಾರುವ ವಿಮಾನವಾದರೆ ಹನ್ನೆರಡು ನಿಮಿಷ ಕೈತಪ್ಪಿದ ಹಾಗೆ.

ಈ ತಗ್ಗಿಸುವಿಕೆಯೂ ಎಲ್ಲ ಕೋನಕ್ಕೆ, ಎಲ್ಲ ಅಲೆಗೆ ಒಂದೇ ಅಲ್ಲ. ಅಲೆಯನ್ನು ಬೇರೆ ಕಡೆಗೆ ಎರಚುವ ಆಕಾರವೇ ಇಲ್ಲಿ ಮುಖ್ಯ, ಹೀರುವ ಲೇಪ ಆಮೇಲೆ. ಸೆಂಟಿಮೀಟರ್ ಅಲೆಗಳ ಮುಂದೆ ಈ ಆಕಾರ ಚೆನ್ನಾಗಿ ಕೆಲಸ ಮಾಡುತ್ತೆ. ಅಲೆಯೇ ಮೀಟರುಗಟ್ಟಲೆ ಉದ್ದವಾದರೆ ರೆಕ್ಕೆ, ಬಾಲದಂಥ ಭಾಗಗಳು ಅದರೊಂದಿಗೆ ಅನುರಣಿಸಿ ಗುಟ್ಟು ಬಿಟ್ಟುಕೊಡುತ್ತವೆ. 1999ರ ಮಾರ್ಚ್ 27ರಂದು ಸರ್ಬಿಯಾದಲ್ಲಿ ಅಮೆರಿಕದ ಎಫ್-117 ಉರುಳಿದ್ದು ಮೀಟರ್ ಅಲೆಯ ಹಳೇ ಸೋವಿಯತ್ ರೇಡಾರ್ ಮತ್ತು 1960ರ ದಶಕದ ಕ್ಷಿಪಣಿ ವ್ಯವಸ್ಥೆಯಿಂದ. ಆದರೆ ಉದ್ದ ಅಲೆಯ ಚಿತ್ರ ಮಸುಕು. ‘ಅಲ್ಲೆಲ್ಲೋ ಇದೆ’ ಅನ್ನುತ್ತೆಯೇ ಹೊರತು ಕ್ಷಿಪಣಿಗೆ ಗುರಿ ಕೊಡುವಷ್ಟು ಕರಾರುವಾಕ್ಕಾಗಿ ಹೇಳಲ್ಲ.

2019ರ ಜೂನಿನಲ್ಲಿ ಇಲ್ಲಿನ ಅಲ್ ಉದೈದ್ ನೆಲೆಗೆ ಅಮೆರಿಕದ ಎಫ್-22ಗಳು ಬಂದಿಳಿದವು. ಇಂಥವನ್ನು ‘ನಮ್ಮ ರೇಡಾರ್ ಹಿಡಿದುಬಿಟ್ಟಿತು’ ಅನ್ನೋರ ಮಾತು ಪೂರ್ತಿ ನಂಬಬೇಡಿ. ಶಾಂತಿಕಾಲದಲ್ಲಿ ಸ್ಟೆಲ್ತ್ ವಿಮಾನಗಳು ಲ್ಯೂನ್‌ಬರ್ಗ್ ಮಸೂರ ಎಂಬ ಪ್ರತಿಫಲಕವನ್ನು ತಾವೇ ಕಟ್ಟಿಕೊಂಡು, ಬೇಕೆಂದೇ ಕಾಣಿಸಿಕೊಂಡು ಹಾರುತ್ತವೆ. (ಒಳಗೆ ಹೋದಂತೆ ವಕ್ರೀಭವನ ಹೆಚ್ಚುವ ಈ ಉಪಾಯ ಮೀನಿನ ಕಣ್ಣಿನಲ್ಲೂ ಇದೆ. ನಮ್ಮ ಕಸುಬಿನ ಚಟ, ಹೇಳದೆ ಇರಲಾಗಲಿಲ್ಲ.)

ಈಗ ದೊಡ್ಡಪ್ಪನ ಪ್ರಶ್ನೆ. ಅಮೆರಿಕದ ಅಧಿಕಾರಿಗಳನ್ನು ಉಲ್ಲೇಖಿಸಿದ ವರದಿಗಳ ಪ್ರಕಾರ, ಇಸ್ರೇಲಿ ವಿಮಾನಗಳು ಕೆಂಪು ಸಮುದ್ರದ ಮೇಲಿಂದಲೇ ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ಹಾರಿಸಿದವು. ಅಲ್ಲಿಂದ ದೋಹಾ ಸಾವಿರ ಕಿಲೋಮೀಟರಿಗೂ ಹೆಚ್ಚು. ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನ ನೆಲದ ರೇಡಾರಿಗೆ ಕಾಣುವುದು ಸುಮಾರು 400 ಕಿಲೋಮೀಟರ್ ತನಕ ಮಾತ್ರ; ಆಚೆ ಭೂಮಿಯೇ ಅಡ್ಡ. ಅಷ್ಟು ದೂರದಲ್ಲಿ ಸ್ಟೆಲ್ತೇ ಅಲ್ಲದ ಎಫ್-15 ಇರಲಿ, ಪ್ರಯಾಣಿಕರ ವಿಮಾನ ಕೂಡ ದೋಹಾದ ನೆಲದ ರೇಡಾರಿಗೆ ಕಾಣಲ್ಲ.

ಉಳಿದದ್ದು ಕ್ಷಿಪಣಿ. ಜೂನ್ 23ರಂದು ಇರಾನ್ ಅಲ್ ಉದೈದ್ ಮೇಲೆ ಹಾರಿಸಿದವುಗಳಲ್ಲಿ ಬಹುಪಾಲನ್ನು ಇಲ್ಲಿನ ರಕ್ಷಣಾ ವ್ಯವಸ್ಥೆ ತಡೆದಿತ್ತು. ಅವು ಉತ್ತರದ ಕಡೆಯಿಂದ, ಮುನ್ಸೂಚನೆಯ ಮೇಲೆ ಬಂದವು. ಸೆಪ್ಟೆಂಬರಿನವು ಬಂದದ್ದು ಪಶ್ಚಿಮದಿಂದ. ಕತಾರಿನಲ್ಲಿರುವ ಪೇಟ್ರಿಯಟ್‌ನ ರೇಡಾರ್ ಸುತ್ತಲೂ ತಿರುಗುವಂಥದ್ದಲ್ಲ. ಒಂದು ದಿಕ್ಕಿಗೆ ಮುಖ ಮಾಡಿ ಕೂರುತ್ತೆ, ಬೆನ್ನ ಹಿಂದೆ ನೋಡಲ್ಲ.