ಫೀಸಿಲ್ಲದ ಓದು: ಜರ್ಮನಿಗೆ ಹೊರಡುವ ಮುನ್ನ

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸಿಲ್ಲ ಎಂಬ ಸುದ್ದಿ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ ಈಗ ಹಳೆಯದು. ಸುದ್ದಿ ಬಹುಪಾಲು ನಿಜವೂ ಹೌದು. 2022–23ರ ಚಳಿಗಾಲದ ಸೆಮಿಸ್ಟರಿನಲ್ಲಿ ಭಾರತದ ವಿದ್ಯಾರ್ಥಿಗಳು ಚೀನಾದವರನ್ನು ಹಿಂದಿಕ್ಕಿ ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲೇ ದೊಡ್ಡ ಗುಂಪಾದರು. ಮರುವರ್ಷ ಅವರ ಸಂಖ್ಯೆ 49 ಸಾವಿರ ದಾಟಿತು. ಅಮೆರಿಕದ ಫೀಸು ಕೇಳಿ ಸುಮ್ಮನಾದ ಎಷ್ಟೋ ಮನೆಗಳಿಗೆ ಇದು ನಿಜವಾದ ಭರವಸೆ. ಆದರೆ ಹಣದಲ್ಲಿ ಕೇಳದ್ದನ್ನು ಈ ವ್ಯವಸ್ಥೆ ಶಿಸ್ತಿನಲ್ಲಿ ಕೇಳುತ್ತದೆ. ಅಲ್ಲಿ ಎಡವಿದವರಲ್ಲಿ ಹೆಚ್ಚಿನವರು ಬುದ್ಧಿ ಸಾಲದೆ ಎಡವಿದವರಲ್ಲ, ಇದನ್ನು ಮೊದಲೇ ತಿಳಿಯದೆ ಹೋದವರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಫೀಸಿನ ಮಾತು. ಜರ್ಮನಿಯಲ್ಲಿ ಉನ್ನತ ಶಿಕ್ಷಣ ಆಯಾ ರಾಜ್ಯಗಳ ಹೊಣೆ. ವಿಶ್ವವಿದ್ಯಾಲಯಗಳು ನಡೆಯುವುದು ಜನರ ತೆರಿಗೆಯಿಂದ. ಫೀಸನ್ನು ನಿಷೇಧಿಸಿದ್ದ ಕೇಂದ್ರದ ಕಾನೂನನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2005ರಲ್ಲಿ ರದ್ದು ಮಾಡಿತು. ಕೂಡಲೇ ಏಳು ರಾಜ್ಯಗಳು ಸೆಮಿಸ್ಟರಿಗೆ 500 ಯೂರೋವರೆಗೆ ಫೀಸು ಹಾಕಿದವು. ವಿದ್ಯಾರ್ಥಿಗಳು ಬೀದಿಗಿಳಿದರು, ಚುನಾವಣೆಗಳಲ್ಲಿ ಅದೇ ವಿಷಯವಾಯಿತು, ಒಂದೊಂದೇ ರಾಜ್ಯ ಹಿಂದೆ ಸರಿಯಿತು. 2014ರ ಹೊತ್ತಿಗೆ ಕೊನೆಯ ರಾಜ್ಯವೂ ಫೀಸನ್ನು ಕೈಬಿಟ್ಟಿತು. ಅಂದರೆ ಇಂದು ನಮ್ಮ ಮಕ್ಕಳು ಅನುಭವಿಸುತ್ತಿರುವ ಸವಲತ್ತು ಅಲ್ಲಿನ ವಿದ್ಯಾರ್ಥಿಗಳು ಹೋರಾಡಿ ಉಳಿಸಿಕೊಂಡದ್ದು.

ಸವಲತ್ತು ಎಲ್ಲೆಡೆ ಒಂದೇ ಸಮ ಇಲ್ಲ. ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1500 ಯೂರೋ ಪಡೆಯುತ್ತಿದೆ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್ ಇರುವುದು ಅದೇ ರಾಜ್ಯದಲ್ಲಿ. ನಿಘಂಟಿನ ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟ ಟ್ಯೂಬಿಂಗನ್ ವಿಶ್ವವಿದ್ಯಾಲಯವೂ ಅಲ್ಲೇ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಹೊಸದಾಗಿ ಸೇರುವ, ಒಕ್ಕೂಟದ ಹೊರಗಿನವರಿಗೆ ಎಂ.ಎಸ್ಸಿ. ಓದಲು ಸೆಮಿಸ್ಟರಿಗೆ 4000 ಅಥವಾ 6000 ಯೂರೋ ನಿಗದಿ ಮಾಡಿದೆ. ಖಾಸಗಿ ವಿಶ್ವವಿದ್ಯಾಲಯಗಳಂತೂ ಫೀಸಿನಿಂದಲೇ ನಡೆಯುವಂಥವು. ‘ಅರ್ಜಿ ಹಾಕಿದರೆ ಸೀಟು ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ, ಅದು ಸರ್ಕಾರಿ ವಿಶ್ವವಿದ್ಯಾಲಯವೋ ಖಾಸಗಿಯೋ ಎಂಬುದನ್ನೇ ಮೊದಲು ಕೇಳಬೇಕು. ಸೀಟು ಕೊಡಿಸಿದ್ದಕ್ಕೆ ಕಮಿಷನ್ ಪಡೆಯುವವರ ಸಲಹೆಯನ್ನು ಸಲಹೆ ಎಂದು ಎಣಿಸಬಾರದು.

ಫೀಸಿಲ್ಲದಿದ್ದರೂ ಹೊರಡುವ ಮುಂಚೆ ಹಣ ತೋರಿಸಲೇಬೇಕು. ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಇಡಬೇಕು. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೋ. ಯೂರೋ ನೂರು ರೂಪಾಯಿಯ ಆಸುಪಾಸಿನಲ್ಲಿದ್ದರೆ ಸುಮಾರು ಹನ್ನೆರಡು ಲಕ್ಷ. ಹಣ ನಿಮ್ಮದೇ, ಆದರೆ ಅಲ್ಲಿ ಇಳಿದ ಮೇಲೆ ತಿಂಗಳಿಗೆ 992 ಯೂರೋದಂತೆ ಮಾತ್ರ ಕೈಗೆ ಬರುತ್ತದೆ. ಮನೆಯ ಅಡ್ವಾನ್ಸು, ದಪ್ಪ ಕೋಟು, ಮೊದಲ ತಿಂಗಳ ಓಡಾಟ ಇವಕ್ಕೆಲ್ಲ ಬೇರೆ ಹಣ ಇಟ್ಟುಕೊಂಡೇ ಹೋಗಬೇಕು. ಮ್ಯೂನಿಕ್‌ನಂಥ ಊರಿನಲ್ಲಿ 992 ಯೂರೋ ಬಲು ಬಿಗಿ. ಪೂರ್ವ ಭಾಗದ ಕೆಮ್ನಿಟ್ಸ್, ಮಾಗ್ಡೆಬುರ್ಗ್‌ನಂಥ ಊರುಗಳಲ್ಲಿ ಅದೇ ಹಣದಲ್ಲಿ ಉಸಿರಾಡಬಹುದು. ಊರಿನ ಆಯ್ಕೆಯೂ ಓದಿನ ಆಯ್ಕೆಯಷ್ಟೇ ಮುಖ್ಯ ಎಂದು ಸಾಲ ಮಾಡಿ ಕಳಿಸುವ ಅಪ್ಪ-ಅಮ್ಮಂದಿರಿಗೆ ಒತ್ತಿ ಹೇಳುತ್ತೇನೆ.

ಪ್ರವೇಶದ ದಾರಿ ಉದ್ದ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯ; ದೆಹಲಿಯಲ್ಲಿರುವ ಆ ಕಚೇರಿ ನಿಮ್ಮ ಅಂಕಪಟ್ಟಿಗಳು ಅಸಲಿ ಹೌದೋ ಅಲ್ಲವೋ ಎಂದು ಪರಿಶೀಲಿಸುತ್ತದೆ. ಎರಡನೇ ಪಿಯುಸಿ ಮುಗಿಸಿ ನೇರವಾಗಿ ಪದವಿಗೆ ಸೇರುವುದು ಸಾಮಾನ್ಯವಾಗಿ ಆಗದ ಮಾತು. ಅದಕ್ಕೆ ಇಲ್ಲಿ ಒಂದು ವರ್ಷ ಡಿಗ್ರಿ ಓದಿರಬೇಕು, ಇಲ್ಲವೇ ಅಲ್ಲಿನ ಸ್ಟುಡಿಯೆನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ತರಗತಿ ಮುಗಿಸಬೇಕು. ಹಾಗಾಗಿ ನಮ್ಮವರು ಹೆಚ್ಚಾಗಿ ಹೋಗುವುದು ಎಂ.ಎಸ್ಸಿ.ಗೆ.

ಅಲ್ಲಿನ ಅಂಕದ ಲೆಕ್ಕ ತಲೆಕೆಳಗು: 1.0 ಅತ್ಯುತ್ತಮ, 4.0 ಕಷ್ಟಪಟ್ಟು ಪಾಸು. ನಮ್ಮ ಸಿಜಿಪಿಎಯನ್ನು ಬವೇರಿಯನ್ ಸೂತ್ರ ಎಂಬ ಲೆಕ್ಕದಿಂದ ಬದಲಿಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠಕ್ಕೂ ಪಾಸಿನ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಹತ್ತಕ್ಕೆ 8 ಪಡೆದವರಿಗೆ, ಪಾಸಿನ ಅಂಕ 4 ಆಗಿದ್ದರೆ 2.0 ಬರುತ್ತದೆ, 5 ಆಗಿದ್ದರೆ 2.2. ಈ ಸಣ್ಣ ವ್ಯತ್ಯಾಸವೇ ಕೆಲವೊಮ್ಮೆ ಸೀಟನ್ನು ತಪ್ಪಿಸುತ್ತದೆ. ಆದ್ದರಿಂದ ಪಾಸಿನ ಅಂಕ ಎಷ್ಟೆಂದು ನಿಮ್ಮ ವಿಶ್ವವಿದ್ಯಾಲಯದಿಂದ ಬರವಣಿಗೆಯಲ್ಲಿ ಪಡೆದಿರಿ. ಅಂಕಕ್ಕಿಂತಲೂ ಅವರು ಗಂಭೀರವಾಗಿ ನೋಡುವುದು ವಿಷಯಗಳ ಹೊಂದಾಣಿಕೆಯನ್ನು. ಗಣಿತ ಎಷ್ಟು ಕ್ರೆಡಿಟ್, ಮೆಕಾನಿಕ್ಸ್ ಎಷ್ಟು ಎಂದು ಪಟ್ಟಿ ಹಿಡಿದು ಎಣಿಸುತ್ತಾರೆ. ರ‍್ಯಾಂಕ್ ಬಂದವರಿಗೂ ಎರಡು ವಿಷಯ ಕಡಿಮೆ ಬಿದ್ದದ್ದಕ್ಕೆ ‘ಇಲ್ಲ’ ಎಂಬ ಉತ್ತರ ಬರಬಹುದು.

ಈಗ ಮುಖ್ಯ ಮಾತಿಗೆ ಬರೋಣ. ಅಲ್ಲಿ ಬಹಳಷ್ಟು ಕ್ಲಾಸುಗಳಲ್ಲಿ ಹಾಜರಿ ಕರೆಯುವುದಿಲ್ಲ. ಇಂಟರ್ನಲ್ಸ್ ಇಲ್ಲ, ಅಸೈನ್‌ಮೆಂಟ್ ಕೊಡಲಿಲ್ಲವೆಂದು ಬೈಯುವವರಿಲ್ಲ, ಮನೆಗೆ ಫೋನ್ ಮಾಡುವ ಎಚ್‌ಒಡಿ ಇಲ್ಲ. ಅಕ್ಟೋಬರ್ ಮಧ್ಯದಿಂದ ಫೆಬ್ರುವರಿವರೆಗೆ ಉಪನ್ಯಾಸ, ಕೊನೆಯಲ್ಲಿ ಒಂದೇ ಪರೀಕ್ಷೆ. ಅದು ಹಾಳೆಯ ಮೇಲಿರಬಹುದು, ಇಲ್ಲವೇ ಪ್ರೊಫೆಸರ್ ಎದುರು ಕೂತು ಅರ್ಧ ಗಂಟೆ ಬಾಯಿಮಾತಿನಲ್ಲಿ ಉತ್ತರಿಸುವುದಿರಬಹುದು. ಆ ಪರೀಕ್ಷೆಗೂ ನೀವೇ ಗಡುವಿನೊಳಗೆ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕು. ಮರೆತರೆ ಕೂರುವಂತಿಲ್ಲ.

ಆರು ಕ್ರೆಡಿಟಿನ ಒಂದು ಕೋರ್ಸನ್ನು ನೋಡಿ. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ದುಡಿಮೆ. ಆರಕ್ಕೆ 150ರಿಂದ 180 ಗಂಟೆ. ವಾರಕ್ಕೆ ನಾಲ್ಕು ಗಂಟೆಯಂತೆ ಕ್ಲಾಸಿನಲ್ಲಿ ಕಳೆಯುವುದು ಸುಮಾರು 60. ಉಳಿದ 90ರಿಂದ 120 ಗಂಟೆ ನೀವೇ ಕೂತು ಓದಬೇಕು, ಲೆಕ್ಕ ಬಿಡಿಸಬೇಕು. ಇಂಥ ಐದು ಕೋರ್ಸು ಸೇರಿದರೆ ಒಂದು ಸೆಮಿಸ್ಟರಿನ 30 ಕ್ರೆಡಿಟ್. ಪರೀಕ್ಷೆಗೆ ವಾರವಿರುವಾಗ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ ಹುಡುಕಿ ದಾಟಿಬಂದ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಒಂದು ಪರೀಕ್ಷೆಗೆ ಸಾಮಾನ್ಯವಾಗಿ ಮೂರು ಅವಕಾಶ. ಮೂರನೆಯದರಲ್ಲೂ ಫೇಲಾದರೆ ಆ ಪದವಿಯ ಓದೇ ಅಲ್ಲಿಗೆ ನಿಲ್ಲುತ್ತದೆ; ಅದೇ ಪದವಿಯನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವ ದಾರಿಯೂ ಸಾಮಾನ್ಯವಾಗಿ ಮುಚ್ಚುತ್ತದೆ. ಓದಿಗೆಂದು ಕೊಟ್ಟ ವಾಸದ ಪರವಾನಗಿಯೂ ಆಗ ಅಲುಗಾಡುತ್ತದೆ.

ಇದು ಕ್ರೂರ ವ್ಯವಸ್ಥೆಯಲ್ಲ. ಹದಿನೆಂಟು ದಾಟಿದವರು ತಮ್ಮ ಹೊಣೆ ತಾವೇ ಹೊರುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತದ್ದು. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ನಮ್ಮ ಮಕ್ಕಳನ್ನು ಇಪ್ಪತ್ತೆರಡು ವರ್ಷದವರೆಗೂ ಯಾರೋ ಒಬ್ಬರು ಕೈಹಿಡಿದು ನಡೆಸಿರುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ತುಂಬಾ ಬಿಡುವಿದೆ ಎಂದು ಅನ್ನಿಸುವುದೇ ಅಪಾಯದ ಗುರುತು. ಸಹಾಯ ಇಲ್ಲವೆಂದೂ ಅಲ್ಲ. ಹಿರಿಯ ವಿದ್ಯಾರ್ಥಿಗಳು ಲೆಕ್ಕ ಹೇಳಿಕೊಡುವ ಟ್ಯುಟೋರಿಯಲ್ ಇದೆ, ಪ್ರೊಫೆಸರ್ ಭೇಟಿಗೆ ನಿಗದಿತ ಸಮಯವಿದೆ, ಮನಸ್ಸು ಕುಗ್ಗಿದರೆ ಆಪ್ತಸಲಹೆಯೂ ಸಿಗುತ್ತದೆ. ಆದರೆ ನೀವಾಗಿ ಹೋಗಿ ಕೇಳಬೇಕು.

ಮನೆ ಹುಡುಕುವುದಕ್ಕೂ ಇದೇ ಮಾತು. ವಿದ್ಯಾರ್ಥಿನಿಲಯದ ಕೋಣೆ ಅಗ್ಗ, ಕಾಯುವವರ ಸಾಲು ಉದ್ದ. ಪ್ರವೇಶಪತ್ರ ಬಂದ ದಿನವೇ ಅರ್ಜಿ ಹಾಕಬೇಕು. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಮಾಲೀಕರ ಸಹಿಯ ಪತ್ರ ಬೇಕು, ಹಾಗಾಗಿ ಪತ್ರ ಕೊಡದ ಮನೆಗೆ ದುಡ್ಡು ಕೊಡಬೇಡಿ. ಮನೆ ನೋಡುವ ಮೊದಲೇ ಅಡ್ವಾನ್ಸ್ ಕಳಿಸಿ ಎನ್ನುವವರನ್ನೂ ನಂಬಬೇಡಿ.

ದುಡಿಯುವ ಅವಕಾಶವಿದೆ. 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದಲ್ಲೇ ಪ್ರೊಫೆಸರ್ ಕೈಕೆಳಗೆ ಮಾಡುವ ಸಹಾಯಕ ಕೆಲಸಕ್ಕೆ ‘ಹಿವಿ’ ಎನ್ನುತ್ತಾರೆ. ಸಿಕ್ಕರೆ ಅದನ್ನೇ ಹಿಡಿಯಿರಿ, ಅದು ಈ ಮಿತಿಗೆ ಸೇರುವುದಿಲ್ಲ, ಓದಿಗೂ ಹತ್ತಿರ. ಸಾಲದ ಕಂತಿನ ಭಯಕ್ಕೆ ರಾತ್ರಿಯೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಬೆಳಗಿನ ಕ್ಲಾಸು ತಪ್ಪಿಸಿಕೊಂಡರೆ, ಮಿಗಿಸಿದ ಹಣಕ್ಕಿಂತ ಹೆಚ್ಚುವರಿ ಸೆಮಿಸ್ಟರಿನ ಖರ್ಚೇ ದೊಡ್ಡದಾಗುತ್ತದೆ.

ಕೊನೆಯದು ಭಾಷೆ. ಎಂ.ಎಸ್ಸಿ. ಪಾಠ ಇಂಗ್ಲಿಷಿನಲ್ಲೇ ಇರಬಹುದು. ಆದರೆ ಮನೆಮಾಲೀಕರು, ಡಾಕ್ಟರ ಕ್ಲಿನಿಕ್ಕು, ಕಚೇರಿಯ ಪತ್ರಗಳು, ಕೆಲಸದ ಸಂದರ್ಶನ ಎಲ್ಲವೂ ಜರ್ಮನ್. ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳು ಉಳಿಯುವ ಪರವಾನಗಿ ಸಿಗುತ್ತದೆ. ಭಾಷೆ ಬಾರದವರಿಗೆ ಆ ಅವಧಿ ಬೇಗ ಕರಗುತ್ತದೆ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನವಿದೆ, ಆನ್‌ಲೈನಿನಲ್ಲೂ ಕಲಿಯಬಹುದು. ಬಿ1 ಮಟ್ಟ ಮುಟ್ಟಿಯೇ ವಿಮಾನ ಹತ್ತುವುದು ಒಳ್ಳೆಯದು. ಅದಕ್ಕೆ ಮುಂದಿನ ಅಕ್ಟೋಬರಿಗೆ ಹೊರಡಬೇಕೆಂದಿರುವವರು ಈ ವರ್ಷದ ದಸರಾ ರಜೆಯಲ್ಲೇ ಮೊದಲ ಹಂತವಾದ ಎ1 ತರಗತಿಗೆ ಸೇರಬೇಕು.